ಅಡುಗೆಮನೆಯ ಚಪ್ಪಲಿ ಮತ್ತು ಮೂರನೆಯ ಪಿನ್ನು

ಮೊದಲಿಗೇ ಒಂದು ತಪ್ಪೊಪ್ಪಿಗೆ ಮಾಡಿಬಿಡುತ್ತೇನೆ. ನಮ್ಮ ಅಡುಗೆಮನೆಯಲ್ಲಿ ನಾಲ್ಕು ವರ್ಷ ಒಂದು ಜೊತೆ ಹವಾಯಿ ಚಪ್ಪಲಿ ಇತ್ತು. ನೀಲಿ ಪಟ್ಟಿಯದು. ಕಟ್ಟೆಯ ಕೆಳಗೆ, ಅಕ್ಕಿ ಡಬ್ಬಿಯ ಪಕ್ಕದಲ್ಲಿ ಅದರ ಜಾಗ. ಅದನ್ನು ಮೆಟ್ಟಿಕೊಂಡು ನಾವು ಹೊರಗೆ ಹೋಗುತ್ತಿರಲಿಲ್ಲ, ಹೊರಗಿನ ಚಪ್ಪಲಿ ಒಳಗೆ ಬರುತ್ತಿರಲಿಲ್ಲ. ಹಾಗಾಗಿ ಅದು ಮಡಿಯೂ ಅಲ್ಲದ ಮೈಲಿಗೆಯೂ ಅಲ್ಲದ ಚಪ್ಪಲಿ. ಚಹಾದ ನೀರಿಗೆ ಇಡುವ ಮೊದಲು ಅದನ್ನು ಮೆಟ್ಟುವುದು, ನೀರು ಕುದಿದ ಮೇಲೆ ಬಿಡುವುದು. ಗೋಡೆಯ ಮೇಲಿನ ಫೋಟೋದೊಳಗಿಂದ ನನ್ನ ಅತ್ತೆ ಇದನ್ನೆಲ್ಲ ನೋಡುತ್ತಿದ್ದರು. ಬದುಕಿದ್ದಾಗ ಚಪ್ಪಲಿಯನ್ನು ಜಗಲಿಗೂ ಹತ್ತಗೊಡದ ಹೆಂಗಸು. ಅವರ ಕಣ್ಣು ತಪ್ಪಿಸಲು ನಾನು ಫೋಟೋವನ್ನೇ ನಡುಮನೆಗೆ ವರ್ಗ ಮಾಡಿದೆ.

ನೀವು ಕರಾವಳಿಯವರಾದರೆ ಈ ಚಪ್ಪಲಿ ಯಾಕೆಂದು ನಾನು ಹೇಳಬೇಕಾಗಿಲ್ಲ. ನಿಮ್ಮ ಮನೆಯಲ್ಲೂ ಗ್ರೈಂಡರಿನ ಬುಡದಲ್ಲೋ, ಫ್ರಿಜ್ಜಿನ ಎದುರೋ, ಬಾವಿಯ ಪಂಪಿನ ಸ್ವಿಚ್ಚಿನ ಕೆಳಗೋ ಒಂದು ಜೊತೆ ಇರುತ್ತದೆ. ಚಪ್ಪಲಿ ಇಲ್ಲದ ಮನೆಯಲ್ಲಿ ಒಂದು ಮಣೆ, ಮಣೆಯೂ ಇಲ್ಲದ ಮನೆಯಲ್ಲಿ ಮಡಿಸಿದ ಗೋಣಿಚೀಲ. ಬಂದ ನೆಂಟರಿಗೆ ನಾವು ಬಹಳ ಸಹಜವಾಗಿ ಹೇಳುತ್ತೇವೆ: "ಅದು ಸ್ವಲ್ಪ ಜುಂ ಅಂತದೆ, ಚಪ್ಪಲಿ ಹಾಕ್ಕಂಡು ಮುಟ್ಟಿ." ಹಾಯುವ ಎಮ್ಮೆಯ ಬಗ್ಗೆ ಹೇಳುವ ಹಾಗೆ. ಹಾಲು ಕೊಡುತ್ತದಲ್ಲ ಎಂದು ಎಮ್ಮೆಯನ್ನು ಇಟ್ಟುಕೊಂಡು, ಎಲ್ಲಿ ನಿಂತರೆ ಹಾಯುವುದಿಲ್ಲ ಎಂಬುದನ್ನು ಮನೆಯವರೆಲ್ಲ ಕಲಿತುಬಿಡುತ್ತೇವೆ.

ಇಷ್ಟೇ ಆಗಿದ್ದರೆ ಇದೊಂದು ತಪ್ಪೊಪ್ಪಿಗೆಯೇ ಅಲ್ಲ. ಆದರೆ ನಾನು ವಿಜ್ಞಾನದ ಟೀಚರು. ಹೊನ್ನಾವರದ ಹೈಸ್ಕೂಲಿನಲ್ಲಿ ಹದಿನೈದು ವರ್ಷ, ಆಮೇಲೆ ಕುಮಟೆಯಲ್ಲಿ ಹದಿನಾರು ವರ್ಷ, ಒಟ್ಟು ಮೂವತ್ತೊಂದು ವರ್ಷ ಹತ್ತನೆಯ ತರಗತಿಗೆ ವಿದ್ಯುತ್ತಿನ ಪಾಠ ಮಾಡಿದವಳು. ನಮ್ಮ ಕಡೆ ಮೇಡಂ ಅನ್ನುವುದಿಲ್ಲ, ಅಕ್ಕೋರು ಅನ್ನುತ್ತಾರೆ. ಕುಮಟೆಯ ಪೇಟೆಯಲ್ಲಿ ಈಗಲೂ ನಾಲ್ಕು ಹೆಜ್ಜೆಗೊಬ್ಬರು "ಅಕ್ಕೋರೇ, ಆರಾಮಾ?" ಎಂದು ಕೇಳುತ್ತಾರೆ. ಅವರೆಲ್ಲರಿಗೂ ನಾನು ಬೋರ್ಡಿನ ಮೇಲೆ ಮೂರು ತಂತಿಯ ಚಿತ್ರ ಬರೆದು ತೋರಿಸಿದ್ದೇನೆ. ಒಂದರಲ್ಲಿ ಕರೆಂಟು ಬರುತ್ತದೆ, ಇನ್ನೊಂದರಲ್ಲಿ ಹೋಗುತ್ತದೆ, ಮೂರನೆಯದು ಮಣ್ಣಿಗೆ ಹೋಗುತ್ತದೆ.

ಒಂದು ವರ್ಷ ಹಿಂದಿನ ಬೆಂಚಿನಿಂದ ಗಜಾನನ ಎಂಬ ಹುಡುಗ ಎದ್ದು ನಿಂತು ಕೇಳಿದ್ದ: "ಮೂರನೇ ಪಿನ್ ಇಲ್ದಿದ್ರೂ ಮಿಕ್ಸರ್ ತಿರುಗ್ತದಲ್ಲ ಅಕ್ಕೋರೇ, ಮತ್ತೆ ಅದು ಎಂತಕ್ಕೆ?" ಇನ್‌ಸ್ಪೆಕ್ಟರು ಬಂದು ಹಿಂದೆ ಕೂತಿದ್ದ ದಿನ ಅದು. ನನಗೆ ಉತ್ಸಾಹ ಬಂದು ಹೇಳಿದೆ: "ಮೆಷಿನ್ನಿಗೆ ಎರಡು ಪಿನ್ ಸಾಕು. ಮೂರನೆಯದು ಮೆಷಿನ್ನಿಗಲ್ಲ, ಅದನ್ನು ಮುಟ್ಟುವವರಿಗೆ." ಇನ್‌ಸ್ಪೆಕ್ಟರು ತಲೆದೂಗಿದರು. ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ನಿವೃತ್ತಿಯಾಗುವವರೆಗೆ ಪ್ರತಿ ವರ್ಷ ಅದನ್ನೇ ಹೇಳಿದೆ. ಹೇಳಿ ಮನೆಗೆ ಬಂದು ಮಣೆಯ ಮೇಲೆ ನಿಂತು ಗ್ರೈಂಡರ್ ಹಾಕುತ್ತಿದ್ದೆ.

ನೀಲಿ ಚಪ್ಪಲಿ ಅಡುಗೆಮನೆಗೆ ಬಂದದ್ದು ಒಂದು ಕೆಟಲಿನ ಕಾರಣದಿಂದ. ಕೆಟಲ್ ಬಂದದ್ದು ಭಟ್ಕಳದಿಂದ, ಭಟ್ಕಳಕ್ಕೆ ಬಂದದ್ದು ದುಬೈಯಿಂದ.

ಹೊನ್ನಾವರದಲ್ಲಿ ನನ್ನ ಜೊತೆ ಉರ್ದು ಕಲಿಸುತ್ತಿದ್ದ ಖತೀಜಾ ನನ್ನ ಹಳೆಯ ಗೆಳತಿ. ದಿನಾ ಭಟ್ಕಳದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಅವಳ ಮನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇದೆ. ಬಿಸ್ಕತ್ತು ಯಾವ ಕಾಲದಲ್ಲೋ ಮುಗಿದು, ಈಗ ಅದರ ತುಂಬ ಲೋಕದ ಪ್ಲಗ್ಗುಗಳು. ಒಬ್ಬ ಮಗ ದುಬೈಯಲ್ಲಿ, ಮಗಳು ಲಂಡನ್ನಿನಲ್ಲಿ, ತಮ್ಮನ ಮಗ ಅಮೆರಿಕದಲ್ಲಿ, ಇನ್ನೊಬ್ಬ ಯಾರೋ ಆಸ್ಟ್ರೇಲಿಯಾದಲ್ಲಿ. ರಜೆಗೆ ಬಂದವರೆಲ್ಲ ಒಂದೊಂದು ವೈರು, ಒಂದೊಂದು ಕನ್ವರ್ಟರು ಬಿಟ್ಟು ಹೋಗುತ್ತಾರೆ. ಖತೀಜಾ ಭಟ್ಕಳ ಬಿಟ್ಟು ಹೊನ್ನಾವರದಾಚೆ ಹೆಚ್ಚು ಹೋದವಳಲ್ಲ. ಆದರೆ ಡಬ್ಬಿಯೊಳಗೆ ಕೈಹಾಕಿ, ನೋಡದೆ, ಬೆರಳಿನಲ್ಲಿ ತಡಕಿಯೇ ಇದು ಯಾವ ದೇಶದ್ದೆಂದು ಹೇಳುತ್ತಾಳೆ. ಮೀನು ಮಾರುವವರು ಬುಟ್ಟಿಯೊಳಗೆ ಕೈಯಿಟ್ಟು ಬಂಗಡೆಯೋ ತಾರ್ಲೆಯೋ ಎಂದು ಹೇಳುವ ಹಾಗೆ.

ಮೊದಲ ಸಲ ಆ ಡಬ್ಬಿಯನ್ನು ಚಾಪೆಯ ಮೇಲೆ ಸುರಿದಾಗ ನಾನು ದಂಗಾಗಿಬಿಟ್ಟೆ. ಪಠ್ಯಪುಸ್ತಕದಲ್ಲಿ ಕರೆಂಟು ಒಂದೇ. ಪ್ರಪಂಚದಲ್ಲೆಲ್ಲ ಅದೇ ಎಲೆಕ್ಟ್ರಾನು, ಅದೇ ನಿಯಮ. ಅಂಥ ಒಂದೇ ಕರೆಂಟನ್ನು ಗೋಡೆಯಿಂದ ಹೊರಗೆ ತರಲು ಮನುಷ್ಯರಿಗೆ ಇಷ್ಟೊಂದು ಬಗೆಯ ಮೂತಿ ಬೇಕಾಯಿತೇ? ಅಮೆರಿಕದ್ದು ತೆಳ್ಳಗಿನ ಎರಡು ತಗಡು, ಕೆಳಗೊಂದು ಗುಂಡು. ಅದರ ಗೋಡೆಯ ತೂತುಗಳನ್ನು ನೋಡಿದರೆ ಕಣ್ಣು ಬಿಟ್ಟು ಬಾಯಿ ತೆರೆದು ಗಾಬರಿಗೊಂಡ ಮುಖದ ಹಾಗೆ ಕಾಣುತ್ತದೆ. ಆಸ್ಟ್ರೇಲಿಯಾದ್ದಕ್ಕೆ ಎರಡು ಓರೆ ಹುಬ್ಬು, ಯಾರೋ ಬೈದ ಹಾಗೆ ಅಳುಮುಖ. ಡೆನ್ಮಾರ್ಕಿನದು ನಗುತ್ತದಂತೆ, ಅದು ಡಬ್ಬಿಯಲ್ಲಿರಲಿಲ್ಲ, ಖತೀಜಾಳ ಮಗಳು ಫೋನಿನಲ್ಲಿ ಚಿತ್ರ ಕಳಿಸಿದ್ದಳು. ಇಟಲಿಯಲ್ಲಿ ಮೂರು ಪಿನ್ನು ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ ಸಾಲಾಗಿ ಇರುತ್ತವೆ. ಜರ್ಮನಿಯಲ್ಲಿ ಮೂರನೆಯ ಪಿನ್ನೇ ಇಲ್ಲ, ಆ ಕೆಲಸ ಮಾಡಲು ಪಕ್ಕದಲ್ಲಿ ಎರಡು ಪಟ್ಟಿ. ಲಂಡನ್ನಿನದು ಚೌಕ ಪಿನ್ನಿನ ದಪ್ಪ ಗುಂಡಾಣಿ, ಹೊಟ್ಟೆಯೊಳಗೆ ಒಂದು ಫ್ಯೂಸನ್ನೂ ಇಟ್ಟುಕೊಂಡಿರುತ್ತದೆ. ಕತ್ತಲೆಯಲ್ಲಿ ಅದನ್ನು ತುಳಿದವರು ಜನ್ಮದಲ್ಲಿ ಮರೆಯುವುದಿಲ್ಲ.

ನಮ್ಮದು? ಮೇಲೆ ಒಂದು ದೊಡ್ಡ ತೂತು, ಕೆಳಗೆ ಎರಡು ಚಿಕ್ಕವು. ಬೇರೆ ದೇಶದ್ದರಲ್ಲೆಲ್ಲ ಮುಖ ಕಂಡದ್ದರಿಂದ ನಮ್ಮದರಲ್ಲೂ ಹುಡುಕಿದೆ. ಹಣೆಗೆ ದೊಡ್ಡ ಕುಂಕುಮ ಇಟ್ಟುಕೊಂಡ, ಬಾಯಿಯಿಲ್ಲದ ಒಂದು ಮುಖ. ತಮಾಷೆಯೆಂದರೆ ಈ ಕುಂಕುಮದ ಮುಖವೂ ಬ್ರಿಟಿಷರು ಕೊಟ್ಟದ್ದೇ. ಅವರ ಹಳೆಯ ಕಾಲದ ಪ್ಲಗ್ಗು ಉರುಟು ಪಿನ್ನಿನದಾಗಿತ್ತು. ಅವರು ಯುದ್ಧ ಮುಗಿದ ಮೇಲೆ ಅದನ್ನು ಬಿಟ್ಟು ಚೌಕದ್ದನ್ನು ಮಾಡಿಕೊಂಡರು, ನಾವು ಹಳೆಯದನ್ನೇ ಉಳಿಸಿಕೊಂಡೆವು. ದುಬೈಯವರು ತಡವಾಗಿ ಕರೆಂಟು ತಂದುಕೊಂಡದ್ದರಿಂದ ಅವರಿಗೆ ಹೊಸದೇ ಸಿಕ್ಕಿತು. ಹೀಗಾಗಿ ದುಬೈಯ ಸಾಮಾನು ಲಂಡನ್ನಿನಲ್ಲಿ ನಡೆಯುತ್ತದೆ, ಭಟ್ಕಳದಲ್ಲಿ ನಡೆಯುವುದಿಲ್ಲ. ಅದರಿಂದಲೇ ಭಟ್ಕಳದ ಪೇಟೆಯಲ್ಲಿ ಸೆಂಟು, ಚಾಕಲೇಟು, ಕಂಬಳಿಯ ಪಕ್ಕದಲ್ಲಿ ಕನ್ವರ್ಟರುಗಳ ಗೊಂಚಲು ನೇತಾಡುತ್ತಿರುತ್ತದೆ.

ಇಷ್ಟೆಲ್ಲ ಮೂತಿಗಳ ನಡುವೆ ನನಗೆ ಹಿಡಿಸಿದ್ದು ಒಂದು ಸಂಗತಿ. ನಮ್ಮ ಪ್ಲಗ್ಗನ್ನು ಕೈಯಲ್ಲಿ ಹಿಡಿದು ನೋಡಿ, ಮೂರನೆಯ ಪಿನ್ನು ಉಳಿದ ಎರಡಕ್ಕಿಂತ ದಪ್ಪ ಮತ್ತು ಉದ್ದ. ದಪ್ಪ ಯಾಕೆಂದರೆ ತಪ್ಪಿಯೂ ಬೇರೆ ತೂತಿಗೆ ಹೋಗಬಾರದು. ಉದ್ದ ಯಾಕೆಂದರೆ ಚುಚ್ಚುವಾಗ ಅದು ಎಲ್ಲಕ್ಕಿಂತ ಮೊದಲು ಮುಟ್ಟಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ಮದುವೆಮನೆಯಲ್ಲಿ ಯಜಮಾನ ಮೊದಲು ಬಂದು ಬಾಗಿಲಲ್ಲಿ ನಿಂತು, ಕೊನೆಯ ಪಂಕ್ತಿ ಎದ್ದ ಮೇಲೆ ಊಟಕ್ಕೆ ಕೂರುವ ಹಾಗೆ. ಇದನ್ನೂ ನಾನು ಪಾಠದಲ್ಲಿ ಹೇಳುತ್ತಿದ್ದೆ. ಹೇಳುವುದರಲ್ಲಿ ನನಗೆ ಕೊರತೆ ಇರಲಿಲ್ಲ.

ನಾನು ನಿವೃತ್ತಿಯಾದಾಗ ಖತೀಜಾ ಕುಮಟೆಯ ಪಕ್ಕದ ಹೊಳನಗದ್ದೆಯ ನಮ್ಮ ಮನೆಗೆ ಬಂದು ಒಂದು ಸ್ಟೀಲಿನ ಕೆಟಲ್ ಕೊಟ್ಟಳು. ಮಗ ದುಬೈಯಿಂದ ತಂದದ್ದು. ಮುಖ ನೋಡಿಕೊಂಡು ತಲೆ ಬಾಚಬಹುದು, ಅಷ್ಟು ಹೊಳಪು. ವೈರಿನ ತುದಿಯಲ್ಲಿ ಚೌಕ ಗುಂಡಾಣಿ. ಜೊತೆಗೆ ಒಂದು ಕನ್ವರ್ಟರ್ ಕೊಟ್ಟು, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದಳು: "ಟೀಚರ್, ಇದು ಹಾಳಾದ್ರೆ ನನಗೆ ಫೋನ್ ಮಾಡಿ, ಬೇರೆ ಕಳಿಸ್ತೇನೆ. ಪಿನ್ ಮಾತ್ರ ಕತ್ತರಿಸ್ಬೇಡಿ. ನಮ್ಮ ಜನರಿಗೆ ಕತ್ತರಿ ಕೈಯಲ್ಲಿ ನಿಲ್ಲೂದಿಲ್ಲ."

ಎರಡು ತಿಂಗಳಲ್ಲಿ ಕನ್ವರ್ಟರ್ ಒಳಗಿಂದ ಕರಿಯಾಗಿ ಸುಟ್ಟ ವಾಸನೆ ಬಂತು. ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಸಣ್ಣ ವಿಷಯಕ್ಕೆ ಯಾರಿಗೆ ಯಾಕೆ ಹೇಳುವುದು ಎಂದು ಮನೆಯಲ್ಲಿದ್ದ ಒಂದು ಹಳೆಯ ಎರಡು ಪಿನ್ನಿನ ಪ್ಲಗ್ಗನ್ನು ಹುಡುಕಿ ತೆಗೆದೆ. ನಮ್ಮ ಮನೆಯವರು ಪೇಪರ್ ಓದುತ್ತ ಕೂತವರು ಕನ್ನಡಕದ ಮೇಲಿಂದ ನೋಡಿ, "ಗಜುಗೆ ಒಂದು ಫೋನ್ ಮಾಡು. ಬಂದು ಸರಿ ಮಾಡಿಕೊಟ್ಟು ಹೋಗ್ತ" ಅಂದರು. ಗಜು ಅಂದರೆ ಅದೇ ಹಿಂದಿನ ಬೆಂಚಿನ ಗಜಾನನ. ಈಗ ಕುಮಟೆಯಲ್ಲಿ ದೊಡ್ಡ ಎಲೆಕ್ಟ್ರಿಷಿಯನ್ನು. ನಮ್ಮ ಮನೆಗೆಲಸಕ್ಕೆ ಬರುವ ಹೊನ್ನಮ್ಮನ ಮಗ. ನಾನು ಬಾಯಲ್ಲಿ ವೈರು ಕಚ್ಚಿಕೊಂಡೇ ಹೇಳಿದೆ: "ಅವಂಗೆ ಕಲಿಸಿದವಳು ಆನು."

"ಆತು ಹಂಗಾರೆ" ಎಂದು ಅವರು ಪೇಪರಿನೊಳಗೆ ಹೋದರು.

ಚೌಕ ಗುಂಡಾಣಿಯನ್ನು ಕತ್ತರಿಸಿದೆ. ಒಳಗೆ ಮೂರು ತಂತಿ. ಎರಡನ್ನು ಎರಡು ಪಿನ್ನಿಗೆ ಕಟ್ಟಿದೆ. ಮೂರನೆಯದು, ಹಸಿರು ಹಳದಿ ಪಟ್ಟೆಯದು, ಉಳಿಯಿತು. ಅದನ್ನು ಎಲ್ಲಿಗೆ ಕಟ್ಟುವುದು? ಜಾಗವೇ ಇಲ್ಲ. ಬುಡಕ್ಕೆ ಕತ್ತರಿಸಿ, ಮೇಲೆ ಟೇಪು ಸುತ್ತಿದೆ. ಹೊಲಿದು ಮುಗಿದ ಮೇಲೆ ಉಳಿದ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸುವಷ್ಟೇ ಸಲೀಸಾಗಿ. ಪ್ಲಗ್ಗು ಸಾಕೆಟ್ಟಿನಲ್ಲಿ ಸ್ವಲ್ಪ ಸಡಿಲವಾಯಿತು, ಕಾಗದ ಮಡಚಿ ಒಂದು ಬೆಣೆ ಕೊಟ್ಟೆ. ಸ್ವಿಚ್ಚು ಹಾಕಿದೆ, ನೀರು ಕುದಿಯಿತು. ಬಗ್ಗಿಸಲು ಕೈಹಾಕಿದಾಗ ಕೆಟಲಿನ ಮೈ ಬೆರಳಿಗೆ ಜುಂ ಎಂದಿತು. ಮಾರನೆಯ ದಿನ ಪೇಟೆಗೆ ಹೋಗಿ ನೀಲಿ ಪಟ್ಟಿಯ ಚಪ್ಪಲಿ ತಂದೆ. ನೋಡಿ, ಎಂಥ ಪರಿಹಾರ.

ಹೊನ್ನಮ್ಮನಿಗೆ ನಾನು ಮೊದಲ ದಿನವೇ ಹೇಳಿದ್ದೆ: "ಕೆಟಲ್ ಒಂದು ಮುಟ್ಟಬೇಡ, ಚಾ ನಾನೇ ಮಾಡಿ ಕೊಡ್ತೆ." ಹಾಗೆಯೇ ಮಾಡಿ ಕೊಡುತ್ತಲೂ ಇದ್ದೆ. ಯಾಕೆ ಮುಟ್ಟಬಾರದು ಎಂದು ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ. ನಾಲ್ಕು ವರ್ಷ ಇದು ಚೆನ್ನಾಗಿಯೇ ನಡೆಯಿತು.

ಈ ವರ್ಷ ಚಳಿ ಮುಗಿದು ಸೆಖೆ ಏಳುವ ಹೊತ್ತಿಗೆ ನನಗೆ ಜ್ವರ ಬಂತು. ಗಂಟುಗಂಟು ಹಿಡಿದುಕೊಳ್ಳುವ ಜ್ವರ, ಹಾಸಿಗೆಯಿಂದ ಏಳುವುದೇ ಕಷ್ಟ. ಆ ದಿನ ಬೆಳಿಗ್ಗೆ ನಮ್ಮ ಮನೆಯವರು ಔಷಧಿ ತರಲು ಕುಮಟೆಗೆ ಹೋಗಿದ್ದರು. ಹೊನ್ನಮ್ಮ ಬಂದು ನೆಲ ಒರೆಸಿದಳು. ಬಾಗಿಲಲ್ಲಿ ನಿಂತು ನನ್ನನ್ನು ನೋಡಿ, "ಮುಖ ಬಾಡಿ ಹೋಗದೆ ಅಕ್ಕೋರೇ. ಒಂದು ಲೋಟ ಬಿಸ್ನೀರು ತತ್ತೆ, ತಡೀರಿ" ಅಂದಳು. ನಾನು ಹೂಂ ಅಂದೆ. ಒಲೆಯ ಮೇಲೆ ಕಾಯಿಸುತ್ತಾಳೆ ಎಂದುಕೊಂಡೆ. ಗ್ಯಾಸು ಹಿಂದಿನ ರಾತ್ರಿಯೇ ಮುಗಿದದ್ದು ನನಗೆ ಮರೆತೇ ಹೋಗಿತ್ತು.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಒಂದು ಸದ್ದು ಬಂತು. ಕೂಗಲ್ಲ. ಕೂಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಗಂಟಲಲ್ಲೇ ಸಿಕ್ಕಿಕೊಂಡ, ಮುಂದೆ ಬರಲಾಗದ ಒಂದು ಸದ್ದು.

ಹೇಗೆ ಎದ್ದೆನೋ ಗೊತ್ತಿಲ್ಲ. ಹೋಗಿ ನೋಡಿದರೆ ಹೊನ್ನಮ್ಮ ಕಟ್ಟೆಯ ಎದುರು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದಾಳೆ. ಬಿಸಿಯಾಯಿತೇ ಎಂದು ನೋಡಲು ಕೆಟಲಿನ ಹೊಟ್ಟೆಗೆ ಇಟ್ಟ ಅಂಗೈ ಅಲ್ಲೇ ಕಚ್ಚಿಕೊಂಡಿದೆ. ಮೈಯೆಲ್ಲ ಬಿಗಿದುಹೋಗಿದೆ. ಕಣ್ಣು ನನ್ನ ಕಡೆಗೇ ಇದೆ.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನಾನು ಮೂವತ್ತೊಂದು ವರ್ಷ ಕಲಿಸಿದ್ದೇನೆ. ಮುಟ್ಟಬೇಡಿ. ಮೇನ್ ಸ್ವಿಚ್ ತೆಗೆಯಿರಿ. ಒಣಗಿದ ಕೋಲಿನಿಂದ ಬಿಡಿಸಿ. ಪರೀಕ್ಷೆಯಲ್ಲಿ ಮೂರು ಅಂಕದ ಪ್ರಶ್ನೆ, ಒಂದು ವಾಕ್ಯ ಬಿಟ್ಟರೂ ಅರ್ಧ ಅಂಕ ಕಳೆಯುತ್ತಿದ್ದೆ. ಆ ಕ್ಷಣದಲ್ಲಿ ಒಂದು ವಾಕ್ಯವೂ ನನ್ನ ತಲೆಗೆ ಬರಲಿಲ್ಲ. ಓಡಿಹೋಗಿ ಅವಳನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದೆ. ನಾನೂ ಬರಿಗಾಲಲ್ಲಿದ್ದೆ.

ಕರೆಂಟು ಹೊಡೆಯುವುದು ಹೇಗಿರುತ್ತದೆ ಎಂದು ವರ್ಣಿಸುವ ಶಕ್ತಿ ನನಗಿಲ್ಲ. ಒಳಗಿಂದ ಯಾರೋ ನನ್ನನ್ನು ಹಿಂಡಿದಂತಾಯಿತು, ಅಷ್ಟೇ ನೆನಪು. ಜ್ವರದ ನನ್ನ ಕಾಲು ಕುಸಿದು ನಾನು ಹಿಂದಕ್ಕೆ ಬಿದ್ದೆ. ನನ್ನ ಭಾರಕ್ಕೆ ಅವಳೂ ಬಿದ್ದಳು. ಅವಳ ಕೈಯ ಜೊತೆ ಕೆಟಲ್ ಬಂತು, ಕೆಟಲಿನ ಜೊತೆ ವೈರು ಬಂತು. ವೈರಿನ ತುದಿಯಲ್ಲಿ ನಾನು ಕಾಗದದ ಬೆಣೆ ಕೊಟ್ಟು ನಿಲ್ಲಿಸಿದ್ದ ಸಡಿಲ ಪ್ಲಗ್ಗು ಸಾಕೆಟ್ಟಿನಿಂದ ಕಳಚಿ ಬಿತ್ತು. ನನ್ನ ಕೆಟ್ಟ ಕೆಲಸ ಅವಳನ್ನು ಹಿಡಿದುಕೊಂಡಿತ್ತು. ಬಿಟ್ಟದ್ದೂ ನನ್ನ ಕೆಟ್ಟ ಕೆಲಸವೇ. ಪ್ಲಗ್ಗು ಬಿಗಿಯಾಗಿ ಕೂರುವಷ್ಟು ಚೆನ್ನಾಗಿ ಮಾಡಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ನೀರು ಅಷ್ಟು ಕಾದಿರಲಿಲ್ಲ, ಅದೊಂದು ಪುಣ್ಯ. ನಾವಿಬ್ಬರೂ ನೀರಿನಲ್ಲಿ ಕೂತಿದ್ದೆವು. ಹೊನ್ನಮ್ಮ ಉಸಿರಾಡುತ್ತಿದ್ದಳು. ಆಗ ನನ್ನ ಬಾಯಿಂದ ಬಂದ ಮೊದಲ ಮಾತು ಏನೆಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ನಾನು ಅವಳಿಗೆ ಬೈದೆ.

"ಚಪ್ಪಲಿ ಎಂತಕ್ಕೆ ಹಾಕ್ಕಳ್ಳಲಿಲ್ಲ ನೀನು?"

ಅವಳು ನನ್ನನ್ನೇ ನೋಡಿದಳು. ಆಮೇಲೆ ಹೇಳಿದಳು: "ಅಡ್ಗೆಮನಿ ಒಳಗೆ ಚಪ್ಪಲಿ ಹಾಕ್ಕಂಡು ಬರೂಕೆ ಆಗ್ತದಾ ಅಕ್ಕೋರೇ? ನಿಮ್ಮ ಮನಿ ಅಡ್ಗೆಮನಿ."

ಆ ಹೊತ್ತಿಗೆ ನಮ್ಮ ಮನೆಯವರು ಬಂದರು. ಮೇನ್ ಸ್ವಿಚ್ ತೆಗೆದು, ಆಟೋ ಕರೆಸಿ, ಇಬ್ಬರನ್ನೂ ಕುಮಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಎದೆಗೆ ವೈರು ಅಂಟಿಸಿ ಪರೀಕ್ಷೆ ಮಾಡಿದರು. ಇನ್ನೂ ವೈರೇ ಎಂದು ಹೊನ್ನಮ್ಮ ಹೆದರಿ ಕಣ್ಣು ಮುಚ್ಚಿಕೊಂಡಳು. ಇಬ್ಬರ ಎದೆಯೂ ಸರಿಯಾಗಿದೆ, ಸಂಜೆವರೆಗೆ ಇರಲಿ ಎಂದರು ಡಾಕ್ಟರು. ಹೊನ್ನಮ್ಮನ ಅಂಗೈ ಸುಟ್ಟು ಒಂದು ಬೊಬ್ಬೆ ಎದ್ದಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಕೇಳಿದೆ, ನಾವು ಚಪ್ಪಲಿ ಹಾಕಿಕೊಂಡು ಚಹಾ ಮಾಡುವುದನ್ನು ದಿನಾ ನೋಡುತ್ತಿದ್ದೆಯಲ್ಲ, ನಿನಗೆ ಏನೂ ಅನ್ನಿಸಲಿಲ್ಲವೇ ಎಂದು.

"ಅನ್ನಿಸ್ತು. ನಿಮ್ಗೆ ಮಂಡಿ ವಾತ, ತಂಡಿ ನೆಲ ಆಗೂದಿಲ್ಲ, ಅದ್ಕೆ ಹಾಕ್ಕಂತ್ರಿ ಅಂದ್ಕಂಡೆ."

"ಮತ್ತೆ ಕೆಟಲ್ ಮುಟ್ಟಬೇಡ ಅಂದದ್ದು?"

ಅವಳು ಬೊಬ್ಬೆಯನ್ನು ಊದಿಕೊಂಡಳು. "ಫಾರಿನ್ನಿಂದು, ಬೆಲೆದು. ನಾ ಮುಟ್ಟಿ ಹಾಳಾದ್ರೆ ಅಂತ ಹೇಳಿದ್ರಿ ಅಂದ್ಕಂಡೆ. ಇವತ್ತು ನಿಮ್ಗೆ ಹುಷಾರಿಲ್ಲ, ಬೈದ್ರೆ ಬೈಲಿ ಅಂತ ಮುಟ್ಟಿದೆ."

ಕೆಟಲಿನ ಕರೆಂಟು ನನ್ನನ್ನು ಒಂದೇ ಕ್ಷಣ ಹಿಡಿದಿತ್ತು. ಈ ಮಾತು ಹಿಡಿದದ್ದು ಇನ್ನೂ ಬಿಟ್ಟಿಲ್ಲ. ನಾಲ್ಕು ವರ್ಷ ನನ್ನ ಮನೆಯೊಳಗೆ ಓಡಾಡಿದ ಹೆಂಗಸು ನನ್ನ ಬಗ್ಗೆ ಹೀಗೆ ತಿಳಿದುಕೊಂಡು, ಬೇಸರವಿಲ್ಲದೆ ಬಂದು ಹೋಗಿದ್ದಾಳೆ. ಅಪಾಯವೆಂದು ಒಂದು ಮಾತು ಹೇಳಲು ನನಗೆ ಎಷ್ಟು ಹೊತ್ತು ಬೇಕಿತ್ತು? ಹೇಳಿದರೆ "ಅಕ್ಕೋರ ಮನಿಯಲ್ಲೇ ಹಿಂಗಾ?" ಎಂದು ಮಗನ ಹತ್ತಿರ ಹೇಳುತ್ತಾಳೆ, ಅವನು ನಗುತ್ತಾನೆ. ಅಷ್ಟೇ ಅಳುಕು ಇತ್ತೆಂದು ಈಗ ತೋರುತ್ತದೆ. ಮನೆಯವರೆಲ್ಲ ಚಪ್ಪಲಿಯ ಮೇಲೆ ನಿಂತು ಬದುಕಿಕೊಂಡೆವು. ನಮ್ಮ ಮನೆಗೆ ಮರ್ಯಾದೆ ಕೊಟ್ಟು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದವಳೊಬ್ಬಳೇ ಸಾಯಬೇಕಾಗಿತ್ತು.

ಮಾರನೆಯ ದಿನ ಹೊನ್ನಮ್ಮ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಪಾತ್ರೆ ನಾವೇ ತೊಳೆದುಕೊಂಡೆವು, ಅದೇನು ದೊಡ್ಡದಲ್ಲ. ಬೆಳಿಗ್ಗೆ ಏಳು ಗಂಟೆಗೆ ಹಿತ್ತಿಲ ಬಾಗಿಲಲ್ಲಿ ಅವಳ ಬಳೆಯ ಸದ್ದು ಇರಲಿಲ್ಲ, ಅದಕ್ಕೇ ಮನೆ ಬಿಕೋ ಎನ್ನುತ್ತಿತ್ತು. ಇನ್ನು ಬರುವುದಿಲ್ಲ ಎಂದೇ ನಾನು ತಿಳಿದೆ. ಯಾಕೆ ಬರಬೇಕು? ಭಟ್ಕಳಕ್ಕೆ ಫೋನ್ ಮಾಡಿ ಖತೀಜಾಳಿಗೆ ಎಲ್ಲ ಹೇಳಿದೆ. ಅವಳು ಮೊದಲು ಹೊನ್ನಮ್ಮ ಹೇಗಿದ್ದಾಳೆಂದು ಕೇಳಿದಳು. ಆಮೇಲೆ, "ನಾನು ನಿಮ್ಗೆ ಹೇಳಿದ್ದು, ನೀವು ಅವಳಿಗೆ ಹೇಳ್ಬೇಕಾಗಿತ್ತು ಟೀಚರ್" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯ ದಿನ ಜ್ವರ ಇಳಿದಿತ್ತು. ಗದ್ದೆಯ ಅಂಚು ಹಿಡಿದು ಹೊನ್ನಮ್ಮನ ಮನೆಗೆ ಹೋದೆ. ಅವಳು ಅಂಗಳದಲ್ಲಿ ಕೊಡ ಹಿಡಿದು ನಿಂತಿದ್ದಳು. ಮನೆಯ ಮಗ್ಗುಲಲ್ಲಿ, ದಾಸವಾಳದ ಬುಡದ ಹತ್ತಿರ, ಸಿಮೆಂಟಿನ ಒಂದು ಚಿಕ್ಕ ಚೌಕ. ಅದರ ನಡುವೆ ಒಂದು ಕೊಳವೆಯ ಬಾಯಿ. ಎಡಗೈಯಲ್ಲಿ ಕೊಡ ಬಗ್ಗಿಸಿ ಆ ಬಾಯಿಗೆ ನೀರು ಹೊಯ್ಯುತ್ತಿದ್ದಳು. ತುಳಸಿಗೆ ಹೊಯ್ಯುವಷ್ಟೇ ನಿಧಾನವಾಗಿ.

"ಎಂತದು ಹೊನ್ನಮ್ಮಾ ಅದು?" ಎಂದೆ. ಅದು ಎಂತದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ!

"ಅರ್ತಿಂಗ್ ಗುಂಡಿ ಅಲ್ಲಾ ಅಕ್ಕೋರೇ. ಬೇಸ್ಗೇಲಿ ದಿನಾ ಒಂದು ಕೊಡ ನೀರು ಹೊಯ್ಬೇಕು ಅಂದಾನೆ ಗಜು. ಮಣ್ಣು ಒಣಗ್ರೆ ಕರೆಂಟಿಗೆ ಇಳೂಕೆ ದಾರಿ ಇರೂದಿಲ್ಲಂತೆ."

ಒಳಗಿನಿಂದ ಗಜು ಬಂದ. ಈಗ ಮೀಸೆ, ಹೊಟ್ಟೆ ಎರಡೂ ಇದೆ. ನನ್ನನ್ನು ನೋಡಿ ಕೈಕಟ್ಟಿ ನಿಂತ, ತರಗತಿಯಲ್ಲಿ ನಿಲ್ಲುತ್ತಿದ್ದ ಹಾಗೆ. ಅವನು ರೇಗುತ್ತಾನೆ ಎಂದುಕೊಂಡೇ ಬಂದಿದ್ದೆ. ರೇಗಲಿಲ್ಲ. "ನೀವೇ ಹೇಳಿದ್ದಲ್ಲಾ ಅಕ್ಕೋರೇ" ಅಂದ. "ಒಂದು ಪದರ ಉಪ್ಪು, ಒಂದು ಪದರ ಇದ್ದಿಲು, ನಡುವೆ ತಗಡು. ಈ ಮನಿಗೆ ಕರೆಂಟು ತಗಂಡಾಗ ಮೊದ್ಲು ಮಾಡಿದ್ದೇ ಇದು. ಅಮ್ಮ ಮನಿ ಒಳಗೆ ಚಪ್ಪಲಿ ಹಾಕೂದಿಲ್ಲ ಅಂತ ನಂಗೆ ಗೊತ್ತಿತ್ತು." ಆಮೇಲೆ ತಲೆ ತಗ್ಗಿಸಿ ಸೇರಿಸಿದ: "ಮೂರನೇ ಪಿನ್ ಮುಟ್ಟೋರಿಗೆ ಅಂತ ಹೇಳಿದ್ರಿ. ಅದೊಂದು ಮಾತು ಮರೀಲಿಲ್ಲ ನಾನು."

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಾನು ಬೇರೆಯವರ ಬಗ್ಗೆ ಬಹಳ ಸಲ ಬಳಸಿದ್ದೇನೆ. ನನ್ನ ಪಾಠ ಗದ್ದೆ ದಾಟಿ ಹೋಗಿ ಇಲ್ಲಿ ಒಂದು ಮನೆಯನ್ನು ಕಾಯುತ್ತಿತ್ತು, ಗದ್ದೆಯ ಈಚೆಗಿನ ನನ್ನ ಮನೆಗೆ ಬಂದಿರಲೇ ಇಲ್ಲ. ನಿಂತಲ್ಲೇ ನನಗೆ ಅಳು ಬಂತು. ಹೊನ್ನಮ್ಮನ ಬೊಬ್ಬೆಯ ಕೈ ಹಿಡಿದು, "ನಂದು ತಪ್ಪಾತು" ಎಂದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಬರುತ್ತೇನೆ ಎಂದೂ ಹೇಳಲಿಲ್ಲ. "ಚಾ ಕುಡೀರಿ" ಎಂದು ಒಳಗೆ ಹೋದಳು.

ಗಜು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮನಿ ಅರ್ತಿಂಗ್ ಎಲ್ಲಿದೆ ಅಕ್ಕೋರೇ?"

ಉತ್ತರ ಗೊತ್ತಿಲ್ಲದ ಹುಡುಗರು ನೆಲ ನೋಡುತ್ತಾರೆಂದು ನನಗೆ ಗೊತ್ತು. ನಾನೂ ನೋಡಿದೆ.

ಮಾರನೆಯ ದಿನ ಬಂದು ಅವನು ನಮ್ಮ ಅಡುಗೆಮನೆಯ ಬೋರ್ಡು ಬಿಚ್ಚಿದ. ಟಾರ್ಚು ಹಾಕಿ ತೋರಿಸಿದ. ಕೆಳಗಿನ ಎರಡು ತೂತಿನ ಹಿಂದೆ ತಂತಿಯಿತ್ತು. ಮೇಲಿನ ದೊಡ್ಡ ತೂತಿನ ಹಿಂದೆ ಏನೂ ಇರಲಿಲ್ಲ. ಒಂದು ಜೇಡ ಬಲೆ ಕಟ್ಟಿಕೊಂಡಿತ್ತು. ಇಪ್ಪತ್ತು ವರ್ಷದಿಂದ ಮನೆಯ ಎಲ್ಲ ಸಾಕೆಟ್ಟುಗಳೂ ಹಣೆಗೆ ಕುಂಕುಮ ಇಟ್ಟುಕೊಂಡು ಮುತ್ತೈದೆಯರ ಹಾಗೆ ನಿಂತಿದ್ದವು, ಒಳಗೆ ಖಾಲಿ. ನಾನು ಕೆಟಲಿನ ಪಿನ್ನು ಕತ್ತರಿಸದೆ ಇದ್ದಿದ್ದರೂ ಆಗುವುದು ಇದೇ. ಮನೆ ಕಟ್ಟಿಸುವಾಗ ದಿನಾ ಬಂದು ನಿಂತು ಕಿಟಕಿಯ ಬಣ್ಣಕ್ಕೆ ತಕರಾರು ತೆಗೆದವಳು ನಾನೇ. ಗೋಡೆಯೊಳಗೆ ಮೂರು ತಂತಿ ಹೋಯಿತೋ ಎರಡೋ ಎಂದು ಒಂದು ಸಲವೂ ಕೇಳಿರಲಿಲ್ಲ.

ಗಜು ಬಾವಿಯ ಪಕ್ಕದಲ್ಲಿ ಗುಂಡಿ ತೋಡಿಸಿದ. ಉಪ್ಪು, ಇದ್ದಿಲು, ತಗಡು ಹಾಕಿದ. ಕೋಣೆಕೋಣೆಗೂ ಹಸಿರು ತಂತಿ ಎಳೆದ. ಕೆಟಲಿನ ಒಳಗನ್ನು ರಿಪೇರಿ ಮಾಡಿ, ವೈರನ್ನೇ ಬದಲಿಸಿ, ದಪ್ಪನೆಯ ಮೂರು ಪಿನ್ನಿನ ಪ್ಲಗ್ಗು ಹಾಕಿದ. ನಮ್ಮ ಮನೆಯವರು ನೀಲಿ ಚಪ್ಪಲಿಯನ್ನು ಎರಡು ಬೆರಳಲ್ಲಿ ಎತ್ತಿ ಹೊರಗೆ ಬಾವಿಕಟ್ಟೆಗೆ ಒಯ್ದಿಟ್ಟರು. ಅತ್ತೆಯ ಫೋಟೋವನ್ನು ಮೊದಲಿನ ಜಾಗಕ್ಕೆ ತಂದು ಮೊಳೆಗೆ ಸಿಕ್ಕಿಸಿ, "ಇನ್ನು ಅಡ್ಡಿಲ್ಲೆ" ಅಂದರು. ಆ ಸಂಜೆಯಿಂದ ಗುಂಡಿಗೆ ದಿನಾ ಒಂದು ಕೊಡ ನೀರು ಹೊಯ್ಯುವ ಕೆಲಸ ನನ್ನದಾಯಿತು. ಗಿಡಕ್ಕೆ ಹೊಯ್ದರೆ ಚಿಗುರು ಕಾಣುತ್ತದೆ, ಇದಕ್ಕೆ ಹೊಯ್ದರೆ ಏನೂ ಕಾಣುವುದಿಲ್ಲ. ಏನೂ ಕಾಣದಿರುವುದೇ ಅದರ ಫಲ ಎಂದು ಈಗ ಗೊತ್ತಾಗಿದೆ.

ಬೊಬ್ಬೆ ಒಣಗಿದ ಮೇಲೆ ಒಂದು ಬೆಳಿಗ್ಗೆ ಏಳು ಗಂಟೆಗೆ ಹಿತ್ತಿಲ ಬಾಗಿಲಲ್ಲಿ ಬಳೆಯ ಸದ್ದಾಯಿತು. ಹೊನ್ನಮ್ಮ ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಬಂದಳು. ನೆಲ ಒರೆಸಿದಳು. ಒರೆಸಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಕಟ್ಟೆಯ ಮೇಲೆ ಕೆಟಲ್ ಹೊಳೆಯುತ್ತಿತ್ತು. ನಾನು ಹೇಳಿದೆ, ಇನ್ನು ಅದನ್ನು ಯಾರು ಬೇಕಾದರೂ ಮುಟ್ಟಬಹುದು, ನೀನೂ ಮುಟ್ಟಬಹುದು, ನಿನ್ನ ಮಗನೇ ಸರಿ ಮಾಡಿದ್ದು ಎಂದು.

ಅವಳು ಕೆಟಲನ್ನು ನೋಡಿದಳು, ನನ್ನ ಕಾಲನ್ನು ನೋಡಿದಳು. ಬರಿಗಾಲಲ್ಲಿದ್ದೇನೆ ಎಂದು ಖಾತ್ರಿ ಮಾಡಿಕೊಂಡು ಹೇಳಿದಳು:

"ಆತು. ನೀವು ಮೊದ್ಲು ಮುಟ್ಟಿ ಅಕ್ಕೋರೇ."

ಒದ್ದೆ ನೆಲದ ಮೇಲೆ ನಡೆದುಹೋಗಿ, ಸ್ವಿಚ್ಚು ಹಾಕಿ, ಕೆಟಲಿನ ಹೊಟ್ಟೆಯ ಮೇಲೆ ಅಂಗೈ ಇಟ್ಟೆ. ಸ್ಟೀಲು ತಣ್ಣಗಿತ್ತು, ಆಮೇಲೆ ಬೆಚ್ಚಗಾಯಿತು. ಬೇರೆ ಏನೂ ಆಗಲಿಲ್ಲ. ಆಗ ಅವಳು ಬಂದು ತನ್ನ ಕೈಯನ್ನು ನನ್ನ ಕೈಯ ಪಕ್ಕದಲ್ಲಿ ಇಟ್ಟಳು.

ಇದು ಈಗ ನಮ್ಮ ಮನೆಯ ಪದ್ಧತಿಯಾಗಿದೆ. ದಿನಾ ಬೆಳಿಗ್ಗೆ ಮೊದಲು ನಾನು ಮುಟ್ಟಬೇಕು, ಆಮೇಲೆ ಅವಳು. ಮೂವತ್ತೊಂದು ವರ್ಷ ಬೇರೆಯವರ ಪರೀಕ್ಷೆ ತೆಗೆದುಕೊಂಡ ನಾನು ಈಗ ದಿನಾ ಒಂದು ಪರೀಕ್ಷೆಗೆ ಕೂರುತ್ತೇನೆ. ಹೊನ್ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಇಲ್ಲಿಯವರೆಗೆ ಪಾಸು. ಚಹಾ ಮಾತ್ರ ಅವಳೇ ಮಾಡುತ್ತಾಳೆ. ನಾನು ಮಾಡುವ ಚಹಾಕ್ಕೆ ಸಕ್ಕರೆ ಸಾಲುವುದಿಲ್ಲ ಎಂದು ನಾಲ್ಕು ವರ್ಷ ಹೇಳಲಾರದೆ ಕುಡಿದಿದ್ದಳಂತೆ.